ರಜಸ್ಸೂತಕ ಮತ್ತು ಶಾಲೆಯ ಬಾಲಕಿ: ಒಂದು ಚಾರಿತ್ರಿಕ ಅವಲೋಕನ



ಶರಣಧರ್ಮವು ನಿರಾಕರಿಸಿದ ಪಂಚಸೂತಕಗಳನ್ನು ನಾವೆಲ್ಲರೂ ಬಲ್ಲೆವು. ಜನನಸೂತಕ, ಮರಣಸೂತಕ, ರಜಸ್ಸೂತಕ, ಉಚ್ಛಿಷ್ಟಸೂತಕ, ಜಾತಿಸೂತಕ ಎಂಬ ಈ ಐದರಲ್ಲಿ ಜಾತಿಸೂತಕವನ್ನು ಕುರಿತು ಪ್ರವಚನಗಳು ನಡೆಯುತ್ತವೆ, ಗ್ರಂಥಗಳು ಪ್ರಕಟವಾಗುತ್ತವೆ. ಜನನ ಮರಣಗಳ ಸೂತಕವನ್ನು ಕುರಿತು ಹಿರಿಯರು ಸಂದರ್ಭ ಬಂದಾಗ ತಿಳಿಹೇಳುತ್ತಾರೆ. ರಜಸ್ಸೂತಕದ ಹೆಸರು ಮಾತ್ರ ಪಟ್ಟಿಯಲ್ಲಿ ಒಮ್ಮೆ ಬಂದು ಹೋಗುತ್ತದೆ. ಅದರ ಮೇಲೆ ನಿಂತು ಮಾತನಾಡುವವರು ವಿರಳ. ಆದರೆ ಈ ಐದು ಸೂತಕಗಳಲ್ಲಿ ಆರನೆಯ ಅಥವಾ ಏಳನೆಯ ತರಗತಿಯಲ್ಲಿ ಓದುತ್ತಿರುವ ಬಾಲಕಿಯೊಬ್ಬಳ ಬಾಳಿಗೆ ಮೊದಲು ಬಂದು ತಾಗುವುದು ಇದೇ. ಆಕೆಯ ಅನುಭವವನ್ನು ಮುಂದಿಟ್ಟುಕೊಂಡು ಈ ಸೂತಕದ ಚರಿತ್ರೆಯನ್ನು ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನಮ್ಮ ಮಾತುಗಳನ್ನೇ ಗಮನಿಸೋಣ. ಋತುಮತಿಯಾದವಳನ್ನು ಕನ್ನಡಿಗರು 'ಹೊರಗಾದಳು', 'ಹೊರಗೆ ಕೂತಳು' ಎನ್ನುತ್ತಾರೆ. ಉತ್ತರ ಕರ್ನಾಟಕದ ಕಡೆ 'ಕಡಿಗೆ ಆಗಿದ್ದಾಳೆ' ಎನ್ನುವುದುಂಟು. ಮಕ್ಕಳ ಮುಂದೆ 'ಕಾಗೆ ಮುಟ್ಟಿತು' ಎಂದು ಮರೆಮಾಚುವುದೂ ಉಂಟು. ಮುಟ್ಟಬಾರದವಳೆಂದು ದೂರವಿಟ್ಟವಳ ಸ್ಥಿತಿಗೆ 'ಮುಟ್ಟು' ಎಂಬುದೇ ಹೆಸರಾಗಿರುವುದು ಇನ್ನೊಂದು ವಿಚಿತ್ರ. ಇನ್ನೊಂದೆಡೆ ಮೈನೆರೆದ ಹುಡುಗಿಗೆ ಒಸಗೆ ಮಾಡುವುದು, ಚಿಗಳಿ ತಿನ್ನಿಸುವುದು, ಸೋಬಾನೆ ಹಾಡುವುದು ನಮ್ಮ ಜನಪದದಲ್ಲಿದೆ. ಹೀಗೆ ಮೊದಲ ಸಲ ಆರತಿ ಎತ್ತಿಸಿಕೊಂಡ ಅದೇ ಬಾಲಕಿ ಮರುತಿಂಗಳಿನಿಂದ 'ಹೊರಗೆ' ಕೂರುತ್ತಾಳೆ. ಈ ಎರಡು ನಡವಳಿಕೆಗಳ ನಡುವಿನ ಅಂತರವನ್ನು ಆಕೆಗೆ ಯಾರೂ ವಿವರಿಸುವುದಿಲ್ಲ. ತನಗೆ ಆದದ್ದು ಹಬ್ಬವೋ ತಪ್ಪೋ ಎಂಬುದು ಆಕೆಗೆ ತಿಳಿಯದೆ ಉಳಿಯುತ್ತದೆ.

ಈ ಮೈಲಿಗೆಯ ಕಲ್ಪನೆ ಬಹು ಪ್ರಾಚೀನವಾದುದು. ತೈತ್ತಿರೀಯ ಸಂಹಿತೆಯಲ್ಲಿ ಒಂದು ಕಥೆ ಬರುತ್ತದೆ. ಇಂದ್ರನು ವಿಶ್ವರೂಪನನ್ನು ಕೊಂದು ಬ್ರಹ್ಮಹತ್ಯಾದೋಷಕ್ಕೆ ಗುರಿಯಾದನು. ಆ ದೋಷದ ಒಂದೊಂದು ಪಾಲನ್ನು ಭೂಮಿ, ಮರಗಳು ಮತ್ತು ಸ್ತ್ರೀಯರು ವಹಿಸಿಕೊಂಡರು. ಸ್ತ್ರೀಯರು ವಹಿಸಿಕೊಂಡ ಪಾಲೇ ರಜಸ್ಸು ಎಂಬುದು ಆ ಕಥೆಯ ತಾತ್ಪರ್ಯ. ಮುಂದೆ ಭಾಗವತ ಪುರಾಣದಲ್ಲಿಯೂ ಈ ಕಥೆ ತುಸು ಬದಲಾವಣೆಯೊಡನೆ ಬಂದಿದೆ. ಆ ದಿನಗಳಲ್ಲಿ ತಲೆ ಬಾಚಬಾರದು, ಕಣ್ಣಿಗೆ ಕಾಡಿಗೆ ಹಚ್ಚಬಾರದು ಎಂಬಂಥ ನಿಷೇಧಗಳೂ ಸಂಹಿತೆಯ ಅದೇ ಭಾಗದಲ್ಲಿವೆ. ಈ ದಿನಗಳಲ್ಲಿ ತಿಳಿಯದೆ ಆದ ಸ್ಪರ್ಶದೋಷದ ಪರಿಹಾರಕ್ಕೆಂದೇ ಋಷಿಪಂಚಮಿಯ ವ್ರತ ರೂಢಿಗೆ ಬಂದಿತು. ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಕೊಲೆ ಮಾಡಿದವನು ಇಂದ್ರ. ಅದರ ಕಳಂಕವನ್ನು ಹೊತ್ತವಳು ಸ್ತ್ರೀ. ಹನ್ನೆರಡು ವರ್ಷದ ಬಾಲಕಿಯನ್ನು ಮೂಲೆಯಲ್ಲಿ ಚಾಪೆಯ ಮೇಲೆ ಕೂರಿಸುವ ಮನೆಯವರಿಗೆ ಈ ಕಥೆ ತಿಳಿದಿರಲಾರದು. ಆದರೂ ಅದರ ಫಲವನ್ನು ಆಕೆ ಅನುಭವಿಸುತ್ತಾಳೆ.

ನಾಡಿನಲ್ಲಿ ಇದೊಂದೇ ದೃಷ್ಟಿಯಿತ್ತೆಂದು ತಿಳಿಯಬೇಕಾಗಿಲ್ಲ. ತುಳುನಾಡಿನಲ್ಲಿ ಇಂದಿಗೂ ಆಚರಿಸುವ ಕೆಡ್ಡಸ ಹಬ್ಬದ ಮೂರು ದಿನಗಳಲ್ಲಿ ಭೂಮಿತಾಯಿಯೇ ಋತುಮತಿಯಾಗುತ್ತಾಳೆಂಬ ನಂಬಿಕೆಯಿದೆ. ಆ ದಿನಗಳಲ್ಲಿ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ. ಅಸ್ಸಾಮಿನ ಕಾಮಾಖ್ಯದಲ್ಲಿ ಅಂಬುಬಾಚಿಯ ಉತ್ಸವ ನಡೆಯುವುದೂ ಇಂಥದೇ ನಂಬಿಕೆಯಿಂದ. ಭೂಮಿಗೆ ಸಂದ ಈ ಗೌರವ ಮನೆಯ ಮಗಳಿಗೆ ಮಾತ್ರ ಸಲ್ಲಲಿಲ್ಲ.

ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಯನ್ನು ಬೇರೆಯೇ ನೆಲೆಯಿಂದ ನೋಡಿದರು. ಬಾಲಕ ಬಸವಣ್ಣನವರು ತಮ್ಮ ಅಕ್ಕನಿಗೆ ಇಲ್ಲದ ಉಪನಯನ ತಮಗೂ ಬೇಡವೆಂದು ಹೊರನಡೆದರೆಂಬ ಐತಿಹ್ಯವು ನಮ್ಮಲ್ಲಿ ಮನೆಮಾತಾಗಿದೆ. ಮುಂದೆ ಶರಣರು ರೂಪಿಸಿದ ದೀಕ್ಷಾಪದ್ಧತಿಯಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ. ಇಷ್ಟಲಿಂಗವು ದೇಹದ ಮೇಲೆ ಸದಾ ಇರತಕ್ಕದ್ದು. ಅದನ್ನು ಗುಡಿಯಂತೆ ಬಾಗಿಲು ಮುಚ್ಚಿ ತೆರೆಯುವ ಪದ್ಧತಿ ಇಲ್ಲ. ಹಾಗಿರುವಾಗ ತಿಂಗಳಲ್ಲಿ ಮೂರೋ ಐದೋ ದಿನ ಆ ದೇಹವೇ ಅಪವಿತ್ರವೆಂದು ಹೇಳಿದರೆ ಲಿಂಗಧಾರಣೆಯ ಅರ್ಥವೇ ಕೆಡುತ್ತದೆ. ಯಾವ ಸ್ರಾವದ ನೆಲೆಯಲ್ಲಿ ಸಕಲರೂ ಹುಟ್ಟಿಬಂದರೋ ಅದನ್ನು ಹೊಲೆಯೆಂದರೆ ಶುದ್ಧನೆನ್ನಿಸಿಕೊಳ್ಳುವವನು ಯಾರೂ ಉಳಿಯುವುದಿಲ್ಲ ಎಂಬ ವಿಚಾರವೂ ಈ ಪರಂಪರೆಯಲ್ಲಿ ಬೆಳೆದುಬಂದಿತು. ಮಹಾರಾಷ್ಟ್ರದಲ್ಲಿ ಹದಿನಾಲ್ಕನೆಯ ಶತಮಾನದ ಸಂತ ಸೋಯರಾಬಾಯಿಯೂ ತನ್ನ ಅಭಂಗಗಳಲ್ಲಿ ದೇಹದ ಮೈಲಿಗೆಯನ್ನು ಇದೇ ರೀತಿ ಪ್ರಶ್ನಿಸಿದಳು. ಅನುಭವ ಮಂಟಪದ ಪರಂಪರೆಯಲ್ಲಿ ಮೂವತ್ತಕ್ಕೂ ಹೆಚ್ಚು ಶರಣೆಯರು ವಚನಗಳನ್ನು ರಚಿಸಲು ಸಾಧ್ಯವಾದುದರ ಹಿಂದೆ ಈ ನಿರಾಕರಣೆಯೂ ಇದೆ. ತಿಂಗಳ ಕೆಲವು ದಿನ ದೂರ ಕೂರಬೇಕಾದವಳು ನಿತ್ಯದ ಗೋಷ್ಠಿಯಲ್ಲಿ ಸಮಾನಳಾಗುವುದು ಹೇಗೆ?

ಇಷ್ಟಾದರೂ ರಜಸ್ಸೂತಕವು ಮನೆಗಳಿಂದ ಪೂರ್ಣವಾಗಿ ಹೋಗಲಿಲ್ಲ. ನೆರೆಹೊರೆಯ ಆಚಾರದ ಒತ್ತಡ, ಮಡಿಯನ್ನೇ ಮೇಲ್ಮೆಯೆಂದು ಬಗೆಯುವ ರೂಢಿ ಇವುಗಳಿಂದಾಗಿ ಲಿಂಗಾಯತ ಕುಟುಂಬಗಳಲ್ಲಿಯೂ ಎಷ್ಟೋ ಕಡೆ ಅದು ಹಿತ್ತಲ ಬಾಗಿಲಿನಿಂದ ಮರಳಿ ಬಂದಿತು. ಸಿದ್ಧಾಂತ ಗ್ರಂಥದಲ್ಲಿ ಉಳಿಯಿತು, ಸೂತಕ ಅಡುಗೆಮನೆಯಲ್ಲಿ ಉಳಿಯಿತು.

ಈಗ ಶಾಲೆಯ ಚರಿತ್ರೆಗೆ ಬರೋಣ. ಸಾವಿತ್ರಿಬಾಯಿ ಮತ್ತು ಜ್ಯೋತಿಬಾ ಫುಲೆ ದಂಪತಿಗಳು ಪುಣೆಯಲ್ಲಿ ಬಾಲಕಿಯರ ಶಾಲೆಯನ್ನು ತೆರೆದದ್ದು 1848ರಲ್ಲಿ. ಮೈಸೂರಿನಲ್ಲಿ ಮಹಾರಾಣಿ ಬಾಲಕಿಯರ ಶಾಲೆ ಆರಂಭವಾದದ್ದು 1881ರಲ್ಲಿ. ಆ ಕಾಲದ ಶಾಲೆಗಳಿಗೆ ಬಂದ ಬಾಲಕಿಯರಲ್ಲಿ ಬಹುಪಾಲು ಮಂದಿ ಹತ್ತು ಹನ್ನೊಂದರ ವಯಸ್ಸಿಗೆ ಓದು ಬಿಡುತ್ತಿದ್ದರು. ಮೇಲುಜಾತಿಯೆನ್ನಿಸಿಕೊಂಡ ಕುಟುಂಬಗಳಲ್ಲಿ ಮೈನೆರೆಯುವ ಮೊದಲೇ ವಿವಾಹವಾಗಬೇಕೆಂಬ ಕಟ್ಟಳೆ ಇತ್ತು. ಮೈನೆರೆದ ಕೂಡಲೇ ಗರ್ಭಾಧಾನದ ಶಾಸ್ತ್ರ ನಡೆದು ಹುಡುಗಿ ಗಂಡನ ಮನೆಗೆ ಹೋಗುತ್ತಿದ್ದಳು. ಬಾಲವಿಧವೆಯಾದವಳ ಪಾಡು ಇನ್ನೂ ಘೋರ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಓದಿದವರಿಗೆ, ಮೈನೆರೆಯುವುದು ಅಂಥ ಹುಡುಗಿಗೆ ಕೇಶಮುಂಡನದ ಕರೆಯಾಗಿತ್ತೆಂಬುದನ್ನು ಹೇಳಬೇಕಾಗಿಲ್ಲ.

ಒಂದು ಹುಡುಗಿಯ ಮೊದಲ ಋತು ದೇಶದ ರಾಜಕಾರಣದ ವಿಷಯವೇ ಆದ ಸಂದರ್ಭವೂ ಇದೇ ಕಾಲದಲ್ಲಿ ಬಂದಿತು. ಕಲ್ಕತ್ತೆಯಲ್ಲಿ ಫೂಲಮಣಿ ಎಂಬ ಹತ್ತು ಹನ್ನೊಂದರ ವಯಸ್ಸಿನ ಬಾಲವಧು ಗಂಡನ ಬಲಾತ್ಕಾರದಿಂದ ಮೃತಳಾದಳು. ಆ ದುರಂತದ ಬೆನ್ನಲ್ಲೇ 1891ರಲ್ಲಿ ಸಮ್ಮತಿ ವಯಸ್ಸಿನ ಕಾಯಿದೆ ಬಂದು, ವಯೋಮಿತಿ ಹತ್ತರಿಂದ ಹನ್ನೆರಡಕ್ಕೆ ಏರಿತು. ಹನ್ನೆರಡು ತುಂಬುವ ಮೊದಲೇ ಮೈನೆರೆದರೆ ಗರ್ಭಾಧಾನದ ಶಾಸ್ತ್ರಕ್ಕೆ ಭಂಗ ಬರುತ್ತದೆಂಬುದು ಅದನ್ನು ವಿರೋಧಿಸಿದವರ ಪ್ರಮುಖ ವಾದವಾಗಿತ್ತು. ಮೈಸೂರು ಸಂಸ್ಥಾನವು 1894ರಲ್ಲಿ ಎಂಟು ವರ್ಷದೊಳಗಿನ ಬಾಲಕಿಯರ ವಿವಾಹವನ್ನು ನಿಷೇಧಿಸಿತು. 1929ರ ಶಾರದಾ ಕಾಯಿದೆ ಬ್ರಿಟಿಷ್ ಭಾರತದಲ್ಲಿ ಹುಡುಗಿಯ ವಿವಾಹದ ವಯಸ್ಸನ್ನು ಹದಿನಾಲ್ಕಕ್ಕೆ ನಿಗದಿಗೊಳಿಸಿತು. 1978ರಲ್ಲಿ ಅದು ಹದಿನೆಂಟಾಯಿತು. ಈ ಚರ್ಚೆಗಳಲ್ಲೆಲ್ಲ ಶಾಸ್ತ್ರಿಗಳೂ ವೈದ್ಯರೂ ಶಾಸಕರೂ ಮಾತನಾಡಿದರು. ಯಾರ ದೇಹವನ್ನು ಕುರಿತು ಚರ್ಚೆ ನಡೆಯಿತೋ ಆ ಬಾಲಕಿಯನ್ನು ಕೇಳಿದವರು ವಿರಳ.

ಈ ಹಿನ್ನೆಲೆಯಲ್ಲಿ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮುಟ್ಟಾಗುತ್ತ ಶಾಲೆಗೆ ಹೋಗುವ ಬಾಲಕಿ ನಮ್ಮ ಚರಿತ್ರೆಯಲ್ಲಿ ಬಹು ಹೊಸಬಳು. ನೂರು ವರ್ಷಗಳ ಹಿಂದೆ ಅಂಥವಳು ಊರಿಗೊಬ್ಬಳು ಸಿಗುವುದೂ ಕಷ್ಟವಿತ್ತು. ಉಳ್ಳವರ ಮನೆಯ ಹುಡುಗಿ ಅಷ್ಟರೊಳಗೆ ಗೃಹಿಣಿಯಾಗಿರುತ್ತಿದ್ದಳು. ದುಡಿಯುವ ಮನೆಯ ಹುಡುಗಿ ಶಾಲೆಯ ಮೆಟ್ಟಿಲನ್ನೇ ಏರುತ್ತಿರಲಿಲ್ಲ. ವಿವಾಹದ ವಯಸ್ಸು ಏರಿ, ಪ್ರೌಢಶಾಲೆಗಳು ಹಳ್ಳಿಗಳಿಗೆ ಬಂದ ಮೇಲೆ ಈ ಹೊಸ ಬಾಲಕಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತರಗತಿಯಲ್ಲಿ ಬಂದು ಕುಳಿತಳು. ಆಕೆಯನ್ನು ಸ್ವಾಗತಿಸಲು ಯಾರೂ ಸಿದ್ಧರಾಗಿರಲಿಲ್ಲ. ಶಾಲೆಗೆ ಶೌಚಾಲಯವಿರಲಿಲ್ಲ, ಮನೆಯಲ್ಲಿ ಹಳೆಯ ಸೂತಕವಿತ್ತು, ಪಠ್ಯದಲ್ಲಿ ಆಕೆಯ ದೇಹದ ವಿಚಾರವಿರಲಿಲ್ಲ.

ಶಾಲೆಯಲ್ಲಿ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯವಿರಬೇಕೆಂಬುದು ದೇಶಾದ್ಯಂತ ಕಾನೂನಿನ ಮಾತಾದದ್ದು 2009ರ ಶಿಕ್ಷಣ ಹಕ್ಕು ಕಾಯಿದೆಯ ಮೂಲಕ. ಹದಿಹರೆಯದ ಶಿಕ್ಷಣದ ಕಾರ್ಯಕ್ರಮವನ್ನು 2007ರಲ್ಲಿ ಕೆಲವು ರಾಜ್ಯಗಳು ಸಂಸ್ಕೃತಿಯ ಹೆಸರಿನಲ್ಲಿ ತಡೆದವು. ಕರ್ನಾಟಕವೂ ಅವುಗಳಲ್ಲಿ ಒಂದು. ಹದಿಹರೆಯವನ್ನು ಕುರಿತ ಪಾಠ ವಿಜ್ಞಾನ ಪುಸ್ತಕದಲ್ಲಿ ಸಾಮಾನ್ಯವಾಗಿ ಎಂಟನೆಯ ತರಗತಿಯಲ್ಲಿ ಬರುತ್ತದೆ. ಹುಡುಗಿಯರು ಮೈನೆರೆಯುವುದು ಹೆಚ್ಚಾಗಿ ಹನ್ನೆರಡರಿಂದ ಹದಿನಾಲ್ಕರ ನಡುವೆ. ಆದ್ದರಿಂದ ಎಷ್ಟೋ ಮಕ್ಕಳಿಗೆ ಅನುಭವ ಮೊದಲು, ಪಾಠ ಅನಂತರ.

ಆ ಅನುಭವ ಎಂಥದೆಂಬುದನ್ನು ತಿಳಿಯಲು ಒಂದು ಸಮೀಕ್ಷೆ ನೆರವಾಗುತ್ತದೆ. ಭಾರತದ ಹದಿಹರೆಯದ ಬಾಲಕಿಯರ ಮುಟ್ಟನ್ನು ಕುರಿತ 138 ಅಧ್ಯಯನಗಳನ್ನು ಒಟ್ಟುಗೂಡಿಸಿದ ಸಂಶೋಧನಾ ಲೇಖನವೊಂದು 2016ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಸುಮಾರು 97,000 ಬಾಲಕಿಯರ ಮಾಹಿತಿ ಅದರಲ್ಲಿದೆ. ಮೈನೆರೆಯುವ ಮೊದಲು ಆ ವಿಚಾರ ತಿಳಿದಿದ್ದವರು ಅರ್ಧಕ್ಕಿಂತ ಕಡಿಮೆ, ಶೇ. 48 ಮಾತ್ರ. ಆ ದಿನಗಳಲ್ಲಿ ಶಾಲೆಗೆ ಗೈರುಹಾಜರಾದವರು ಸುಮಾರು ಕಾಲುಭಾಗ. ಧಾರ್ಮಿಕ ಕಾರ್ಯಗಳಿಂದ ದೂರವಿರಿಸಲ್ಪಟ್ಟವರು ಶೇ. 77. ಈ ಕೊನೆಯ ಸಂಖ್ಯೆಯನ್ನು ಬಂಧುಗಳು ಎರಡು ಸಲ ಓದಬೇಕೆಂದು ವಿನಂತಿ. ಶಾಲೆ ಆಕೆಯನ್ನು ನೂರಕ್ಕೆ ಇಪ್ಪತ್ತನಾಲ್ಕರಷ್ಟು ಕಳೆದುಕೊಂಡಿತು. ದೇವರ ಮನೆ ನೂರಕ್ಕೆ ಎಪ್ಪತ್ತೇಳರಷ್ಟು ಕಳೆದುಕೊಂಡಿತು. ಹಾಗಾಗಿ ಇದು ಆರೋಗ್ಯ ಇಲಾಖೆಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಧರ್ಮದ ಮಾತನಾಡುವವರು ಕೈತೊಳೆದುಕೊಳ್ಳುವಂತಿಲ್ಲ.

ತಿಳಿವಳಿಕೆಯಿಲ್ಲದೆ ಮೊದಲ ಬಾರಿ ರಕ್ತವನ್ನು ಕಂಡ ಬಾಲಕಿ ಏನೆಂದು ಭಾವಿಸುತ್ತಾಳೆ? ಏಟಾಗಿದೆಯೆಂದೋ, ಕಾಯಿಲೆ ಬಂದಿದೆಯೆಂದೋ, ತಾನೇನೋ ತಪ್ಪು ಮಾಡಿದೆನೆಂದೋ ಹೆದರುತ್ತಾಳೆ. ತರಗತಿಯಲ್ಲಿ ಲಂಗದ ಮೇಲೆ ಕಲೆ ಕಂಡೀತೆಂದು ಎದ್ದು ಉತ್ತರ ಹೇಳಲು ಹಿಂಜರಿಯುತ್ತಾಳೆ. ಬಟ್ಟೆಯನ್ನು ಬಿಸಿಲಿನಲ್ಲಿ ಒಣಗಿಸಲು ನಾಚಿ ಕತ್ತಲ ಮೂಲೆಯಲ್ಲಿ ಒಣಹಾಕುತ್ತಾಳೆ. ಅರೆಒಣಗಿದ ಬಟ್ಟೆ ಸೋಂಕಿಗೆ ದಾರಿಯಾಗುತ್ತದೆ. ತಾನು ಮುಟ್ಟಿದರೆ ತುಳಸಿ ಬಾಡುತ್ತದೆ, ಉಪ್ಪಿನಕಾಯಿ ಕೆಡುತ್ತದೆ ಎಂಬ ಮಾತನ್ನು ನಂಬುತ್ತಾಳೆ. ಇಂಥ ನಂಬಿಕೆ ನಮ್ಮಲ್ಲಿ ಮಾತ್ರ ಇತ್ತೆಂದಲ್ಲ. ವಿಯೆನ್ನಾದ ಪ್ರಸಿದ್ಧ ವೈದ್ಯ ಬೇಲಾ ಶಿಕ್ 1920ರಲ್ಲಿ, ಋತುಮತಿಯಾದ ಸೇವಕಿಯ ಕೈಯಲ್ಲಿ ಹೂಗಳು ಬಾಡಿದವೆಂದು ಹೇಳಿ, ಮುಟ್ಟಿನಲ್ಲಿ ಒಂದು ಬಗೆಯ ವಿಷವಿದೆಯೆಂದು ವಾದಿಸಿದನು. ಅಂಥ ವಿಷ ಇಲ್ಲವೆಂಬುದು ಅನಂತರ ಖಚಿತವಾಯಿತು. ಗರ್ಭವನ್ನು ಪೋಷಿಸಲು ಗರ್ಭಕೋಶದೊಳಗೆ ಬೆಳೆದ ಪದರವು, ಗರ್ಭ ನಿಲ್ಲದಿದ್ದಾಗ ಕಳಚಿ ಹೊರಬರುವುದೇ ಮುಟ್ಟು. ಒಂದು ಸಲಕ್ಕೆ ಹೋಗುವ ರಕ್ತ ಸಾಮಾನ್ಯವಾಗಿ ಮೂವತ್ತು ನಲವತ್ತು ಮಿಲಿಲೀಟರಿನಷ್ಟು. ಇದರಲ್ಲಿ ಪಾಪಕ್ಕೂ ಪುಣ್ಯಕ್ಕೂ ಎಡೆಯಿಲ್ಲ.

ಈಚಿನ ದಶಕಗಳಲ್ಲಿ ಒಳ್ಳೆಯ ಬದಲಾವಣೆಗಳೂ ಆಗಿವೆ. ಕೊಯಮತ್ತೂರಿನ ಅರುಣಾಚಲಂ ಮುರುಗನಾಥಂ ಅವರು ಕಡಿಮೆ ಬೆಲೆಯ ಪ್ಯಾಡ್ ತಯಾರಿಸುವ ಯಂತ್ರವನ್ನು ರೂಪಿಸಿದರು. ಕರ್ನಾಟಕ ಸರ್ಕಾರವು ಶುಚಿ ಯೋಜನೆಯ ಮೂಲಕ ಸರ್ಕಾರಿ ಶಾಲೆಗಳ ಮತ್ತು ವಸತಿನಿಲಯಗಳ ಬಾಲಕಿಯರಿಗೆ ಪ್ಯಾಡ್‌ಗಳನ್ನು ಹಂಚಿತು. ಕೋವಿಡ್ ಕಾಲದಲ್ಲಿ ನಿಂತಿದ್ದ ಆ ಯೋಜನೆ 2024ರಲ್ಲಿ ಮರಳಿ ಆರಂಭವಾಯಿತು. ಪ್ಯಾಡ್‌ಗಳ ಮೇಲಿದ್ದ ಶೇ. 12ರ ತೆರಿಗೆಯನ್ನು ಕೇಂದ್ರವು 2018ರ ಜುಲೈನಲ್ಲಿ ತೆಗೆದುಹಾಕಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದರಿಂದ ಇಪ್ಪತ್ನಾಲ್ಕು ವಯಸ್ಸಿನವರಲ್ಲಿ ಶುಚಿಯಾದ ಸಾಧನಗಳನ್ನು ಬಳಸುವವರ ಪ್ರಮಾಣ 2015–16ರಲ್ಲಿ ಸುಮಾರು ಶೇ. 58 ಇದ್ದದ್ದು, 2019–21ರಲ್ಲಿ ಸುಮಾರು ಶೇ. 77ಕ್ಕೆ ಏರಿತು.

ಆದರೆ ಸಾಧನ ಬಂದ ಮಾತ್ರಕ್ಕೆ ಸೂತಕ ಹೋಗುವುದಿಲ್ಲ. 2020ರ ಫೆಬ್ರವರಿಯಲ್ಲಿ ಗುಜರಾತಿನ ಭುಜ್ ನಗರದ ಮಹಿಳಾ ಕಾಲೇಜೊಂದರ ವಸತಿನಿಲಯದಲ್ಲಿ, ಮುಟ್ಟಾದವರು ಅಡುಗೆಮನೆಯ ನಿಯಮ ಮೀರಿದರೆಂಬ ಅನುಮಾನದಿಂದ 60ಕ್ಕೂ ಹೆಚ್ಚು ವಿದ್ಯಾರ್ಥಿನಿಯರ ಉಡುಪು ಕಳಚಿಸಿ ಪರೀಕ್ಷಿಸಲಾಯಿತು. ಓದಲೆಂದು ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ವಿದ್ಯಾಸಂಸ್ಥೆಯಲ್ಲಿಯೇ ಈ ಅವಮಾನ ಆಯಿತೆಂಬುದನ್ನು ಮರೆಯಬಾರದು. ನಮ್ಮ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಪದೇ ಪದೇ ಸುದ್ದಿಯಾಗಿದೆ. ಇವನ್ನು ಓದಿ ಮರುಕಪಡುವುದು ಸುಲಭ. ಊರ ಹೊರಗಿನ ಗುಡಿಸಲಿಗೂ ನಮ್ಮ ಮನೆಯ ಮೂಲೆಯ ಚಾಪೆಗೂ ಇರುವ ಅಂತರ ದೂರದ್ದು ಮಾತ್ರ, ತತ್ತ್ವ ಒಂದೇ. ಜಾತಿಯ ಹೆಸರಿನಲ್ಲಿ ಮನುಷ್ಯನನ್ನು ದೂರವಿಡುವುದನ್ನು ಖಂಡಿಸುವ ನಾವು, ಮಗಳನ್ನು ತಿಂಗಳಿಗೊಮ್ಮೆ ದೂರವಿಡುವುದನ್ನು ಸಂಪ್ರದಾಯವೆಂದು ಸಮರ್ಥಿಸಿದರೆ ನಮ್ಮ ಮಾತಿಗೆ ಬೆಲೆ ಎಲ್ಲಿಯದು?

ಇಲ್ಲಿ ಹಿರಿಯರು ಒಂದು ಸಮಾಧಾನ ಹೇಳುವುದುಂಟು: ದುಡಿದು ದಣಿದ ಹೆಣ್ಣಿಗೆ ವಿಶ್ರಾಂತಿ ದೊರೆಯಲೆಂದು ಹಿಂದಿನವರು ಈ ಪದ್ಧತಿ ಮಾಡಿದರು ಎಂದು. ಈ ಮಾತನ್ನು ಗೌರವದಿಂದಲೇ ಪರಿಶೀಲಿಸಬೇಕು. ಆ ದಿನಗಳಲ್ಲಿ ಹೊಟ್ಟೆನೋವು, ಸುಸ್ತು ಇರುವುದು ನಿಜ; ವಿಶ್ರಾಂತಿ ಬೇಕಾದವಳಿಗೆ ಅದು ಸಿಗಲೇಬೇಕು. ಆದರೆ ವಿಶ್ರಾಂತಿಯನ್ನು ಪಡೆಯುವವಳು ತಾನೇ ಕೇಳಿ ಪಡೆಯುತ್ತಾಳೆ, ಆಕೆಗೆ ಒಳ್ಳೆಯ ಹಾಸಿಗೆ, ಬಿಸಿ ಊಟ ದೊರೆಯುತ್ತದೆ. ಸೂತಕದಲ್ಲಿ ಕೂತವಳಿಗೆ ಹರಕು ಚಾಪೆ, ದೂರದಿಂದ ನೀಡಿದ ಅನ್ನ. ಒಳಗಿನ ಒಲೆ ಮುಟ್ಟಬಾರದವಳು ಹೊರಗಿನ ಹೊಲದ ಕೆಲಸವನ್ನು ಮಾಡಬಹುದೆಂಬ ರೂಢಿಯೂ ಹಲವು ಕಡೆ ಇತ್ತು. ಹದಿನೈದರಿಂದ ಹತ್ತೊಂಬತ್ತರ ನಡುವಿನ ಹುಡುಗಿಯರಲ್ಲಿ ಶೇ. 59 ಮಂದಿ ರಕ್ತಹೀನತೆಯುಳ್ಳವರೆಂದು 2019–21ರ ಅದೇ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ಅವರಿಗೆ ಬೇಕಾದುದು ಸೊಪ್ಪು, ಕಾಳು, ಬೆಲ್ಲ, ವೈದ್ಯರು ಹೇಳಿದ ಕಬ್ಬಿಣಾಂಶದ ಮಾತ್ರೆ. ಪ್ರತ್ಯೇಕ ತಟ್ಟೆಯಿಂದ ರಕ್ತ ವೃದ್ಧಿಯಾಗುವುದಿಲ್ಲ.

ಹಾಗಾದರೆ ನಮ್ಮ ಕರ್ತವ್ಯವೇನು? ಮೊದಲನೆಯದಾಗಿ, ಹತ್ತು ವರ್ಷ ತುಂಬುವ ಹೊತ್ತಿಗೆ ತಾಯಿಯೋ ಅಜ್ಜಿಯೋ ಮಗಳಿಗೆ ಈ ವಿಚಾರವನ್ನು ನೇರವಾದ ಮಾತುಗಳಲ್ಲಿ ತಿಳಿಸಬೇಕು. ಕಾಗೆಯ ಕಥೆ ಬೇಡ. ತಂದೆಯೂ ಅಣ್ಣತಮ್ಮಂದಿರೂ ಇದನ್ನು ಅರಿತಿರಬೇಕು. ಅಂಗಡಿಯಿಂದ ಪ್ಯಾಡ್ ತರುವುದರಲ್ಲಿ ಗಂಡಸಿಗೆ ನಾಚಿಕೆಯಿಲ್ಲವೆಂಬುದನ್ನು ಮಗಳು ಕಣ್ಣಾರೆ ಕಾಣಬೇಕು. ಎರಡನೆಯದಾಗಿ, ಲಿಂಗಪೂಜೆಯನ್ನು ಆ ದಿನ ನಿಲ್ಲಿಸು ಎಂದು ಯಾರೂ ಆಕೆಗೆ ಹೇಳಬಾರದು. ಮೊದಲ ಋತುವಿನ ದಿನವೇ ಕರಸ್ಥಲದ ಲಿಂಗವನ್ನು ಮುಟ್ಟಬೇಡವೆಂದು ಹೇಳಿದರೆ, ದೇವರಿಗೂ ತನ್ನ ದೇಹಕ್ಕೂ ಹಗೆತನವಿದೆಯೆಂಬ ಪಾಠವನ್ನು ಆಕೆ ಕಲಿಯುತ್ತಾಳೆ. ಆ ಪಾಠವನ್ನು ಮುಂದೆ ಯಾವ ಪ್ರವಚನವೂ ಅಳಿಸಲಾರದು. ಮೂರನೆಯದಾಗಿ, ನಾಡಿನ ಮಠಗಳು ನಡೆಸುತ್ತಿರುವ ಶಾಲೆಗಳೂ ಪ್ರಸಾದ ನಿಲಯಗಳೂ ಬಹಳ. ಅಲ್ಲಿ ಬಾಲಕಿಯರ ಶೌಚಾಲಯದಲ್ಲಿ ನೀರು, ಒಳಚಿಲಕ, ಮುಚ್ಚಳವಿರುವ ತೊಟ್ಟಿ ಇವೆಯೇ, ಕೇಳಿ ಪಡೆಯುವ ಮುಜುಗರವಿಲ್ಲದೆ ಪ್ಯಾಡ್ ಕೈಗೆ ಸಿಗುತ್ತದೆಯೇ ಎಂಬುದನ್ನು ಆಡಳಿತ ಮಂಡಳಿಗಳು ಪರಿಶೀಲಿಸಬೇಕು. ಸಾಮೂಹಿಕ ಪ್ರಾರ್ಥನೆಯ ಹಾಜರಿಯಲ್ಲಿ 'ಆ ದಿನ'ದ ರಿಯಾಯಿತಿ ಎಂಬ ಹೆಸರಿನ ಹೊರಗಿಡುವಿಕೆ ಇದ್ದರೆ ಅದನ್ನು ಕೈಬಿಡಬೇಕು.

ಎಂಟು ಶತಮಾನಗಳ ಹಿಂದೆ ಶರಣರು ಸೂತಕವನ್ನು ನಿರಾಕರಿಸಿದಾಗ ಮುಟ್ಟಾಗುವ ಶಾಲಾಬಾಲಕಿ ಎಂಬವಳು ಇರಲಿಲ್ಲ. ಇಂದು ಆಕೆ ಪಾಟೀಚೀಲ ಹೊತ್ತು ನಮ್ಮ ಮುಂದೆ ನಿಂತಿದ್ದಾಳೆ. ಶರಣರ ಆ ನಿರ್ಧಾರದ ನಿಜವಾದ ವಾರಸುದಾರಳು ಆಕೆಯೇ. ಆಕೆಗೆ ಸಲ್ಲಬೇಕಾದ ಪಾಲನ್ನು ಮನೆ, ಶಾಲೆ, ಮಠ ಈ ಮೂರೂ ಸೇರಿ ಸಲ್ಲಿಸಲಿ ಎಂದು ಆಶಿಸುತ್ತೇವೆ.